ಹಿಡಿಕೆ ಒಂದು, ನಳಿಗೆ ಎರಡು

ಕಳೆದ ಬೇಸಿಗೆಯ ಒಂದು ಮುಂಜಾನೆ ಮುದ್ದೇಬಿಹಾಳ ತಾಲೂಕಿನ ಹಳ್ಳಿಯೊಂದರಿಂದ ರೈತರೊಬ್ಬರು ನನ್ನನ್ನು ಹುಡುಕಿಕೊಂಡು ಸಿಂದಗಿಗೆ ಬಂದರು. ಅವರ ಮಗ ಹತ್ತು ವರ್ಷಗಳ ಹಿಂದೆ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ. ಪಾಠ ಹೇಳುವುದರ ಜೊತೆಗೆ ಎನ್.ಸಿ.ಸಿ.ಯ ಹೊಣೆಯನ್ನೂ ನಾನು ಹೊತ್ತಿದ್ದೆನಾಗಿ, ಆ ಹುಡುಗ ಮೊದಲ ಸಲ 22ರ ರೈಫಲ್ಲನ್ನು ಭುಜಕ್ಕೆ ಆನಿಸಿದ್ದು ನನ್ನ ಕಣ್ಣೆದುರಿಗೇ. ಮುಂದೆ ಅವನು ನೌಕರಿಯ ಮೇಲೆ ಬೆಂಗಳೂರಿಗೆ ಹೋದ; ರೈಫಲ್ಲನ್ನು ಬಿಟ್ಟು ಪಿಸ್ತೂಲು ಹಿಡಿದ; ರಾಜ್ಯಮಟ್ಟದ ಪಂದ್ಯಗಳಲ್ಲಿ ಹೆಸರು ಕೇಳಿಬರುವಷ್ಟು ಬೆಳೆದ. ಉಳಿತಾಯದ ಹಣಕ್ಕೆ ಸಾಲ ಕೂಡಿಸಿ ಒಂದು ಒಳ್ಳೆಯ ವಿದೇಶೀ ಪಿಸ್ತೂಲನ್ನೂ ಕೊಂಡ. ಈಗ ಅವನಿಗೆ ಇನ್ನೊಂದು ಬಗೆಯ ಪಂದ್ಯದಲ್ಲಿಯೂ ಇಳಿಯುವ ಆಸೆ. ಆ ಪಂದ್ಯಕ್ಕೆ ಈ ಪಿಸ್ತೂಲು ನಡೆಯುವುದಿಲ್ಲ. ಅದಕ್ಕೆ ದೊಡ್ಡ ಬಾಯಿಯ ನಳಿಗೆ ಬೇಕು.

“ಸರ, ಹುಡುಗ ಇನ್ನೊಂದು ಪಿಸ್ತೂಲ ಬೇಕಂತಾನ್ರಿ. ಇಲ್ಲಂದ್ರ ಇದ್ದದ್ದಕ್ಕ ಬ್ಯಾರೆ ನಳಿಗಿ ಹಾಕಸ್ತೀನಿ ಅಂತಾನ. ಎರಡೆಕರೆ ಎರಿ ಹೊಲ ಒತ್ತಿ ಇಟ್ರ ಹೊಸಾದ ಬಂದೀತು. ನೀವ ಹೇಳ್ರಿ, ಯಾವುದು ಚೊಲೊ?” ಎಂದು ಅವರು ಕೇಳಿದರು.

ನಾನು ಕೂಡಲೆ ಉತ್ತರ ಕೊಡಲಿಲ್ಲ. ಚಹ ಕುಡಿಸಿ, ಎರಡು ದಿನಗಳ ಅವಕಾಶ ಬೇಡಿ, ಬಸ್ಸಿಗೆ ಹತ್ತಿಸಿ ಬಂದೆ. ಆ ಎರಡು ದಿನಗಳ ಆಲೋಚನೆಯೆ ಈ ಬರಹ.

ರವಿವಾರದ ಈ ಪುಟದಲ್ಲಿ ಪಿಸ್ತೂಲಿನ ಮಾತೇಕೆ ಎಂದು ವಾಚಕರು ಹುಬ್ಬು ಗಂಟಿಕ್ಕಬಹುದು. ಅದೂ ಭೀಮೆಯ ದಂಡೆಯವರು ಆ ಮಾತೆತ್ತಿದರೆ ಹುಬ್ಬು ಇನ್ನಷ್ಟು ಮೇಲೇರುವುದು ಸಹಜ. ಇಂಡಿ, ಸಿಂದಗಿಗಳ ಹೆಸರು ಪತ್ರಿಕೆಗಳಲ್ಲಿ ನಾಡ ಪಿಸ್ತೂಲಿನ ಸುದ್ದಿಯೊಡನೆ ಎಷ್ಟೋ ಸಲ ಕೂಡಿ ಬಂದಿದೆ. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆದರೆ ಅದೇ ಮಣ್ಣಿನ ಹುಡುಗನೊಬ್ಬ ಕಾಗದದ ಗುರಿಯ ಮುಂದೆ ಉಸಿರು ಬಿಗಿಹಿಡಿದು ನಿಂತು, ಕಾಯಿದೆಯ ಬೆಳಕಿನಲ್ಲಿ, ಯಾರ ಕೂದಲೂ ಕೊಂಕದಂತೆ ಹೆಸರು ಗಳಿಸಲು ಹೊರಟಿರುವಾಗ ಅವನ ಪ್ರಶ್ನೆಯನ್ನು ನಾವು ಗಂಭೀರವಾಗಿ ತೆಗೆದುಕೊಳ್ಳದಿದ್ದರೆ ಮತ್ತೆ ಯಾರು ತೆಗೆದುಕೊಳ್ಳಬೇಕು? ಇರುವ ಸಾಧನವನ್ನು ಎರಡನೆಯ ಕೆಲಸಕ್ಕೆ ಒಗ್ಗಿಸುವುದೆ, ಎರಡನೆಯ ಸಾಧನವನ್ನೆ ತರುವುದೆ ಎಂಬ ಪ್ರಶ್ನೆ ಬಡವರ ಮನೆಯಲ್ಲಿ ದಿನವೂ ಹುಟ್ಟುವಂಥದು. ಇಲ್ಲಿ ಅದು ಪಿಸ್ತೂಲಿನ ರೂಪ ತಾಳಿ ಬಂದಿದೆ, ಅಷ್ಟೆ.

ಮೊದಲು ಆ ಎರಡು ಪಂದ್ಯಗಳ ಪರಿಚಯ ಮಾಡಿಕೊಳ್ಳೋಣ. ಎರಡರಲ್ಲಿಯೂ ಗುರಿಯ ದೂರ 25 ಮೀಟರು. ಎರಡರಲ್ಲಿಯೂ ಹೊಡೆಯಬೇಕಾದ ಗುಂಡು 60. ಎರಡರಲ್ಲಿಯೂ ಗಳಿಸಬಹುದಾದ ಹೆಚ್ಚಿನ ಅಂಕ 600. ಸ್ಟ್ಯಾಂಡರ್ಡ್ ಪಿಸ್ತೂಲು ಎಂಬ ಪಂದ್ಯದಲ್ಲಿ ಐದೈದು ಗುಂಡುಗಳ ಒಂದೊಂದು ಸುತ್ತಿಗೆ ಮೊದಲು 150 ಸೆಕೆಂಡು, ಆಮೇಲೆ 20, ಕೊನೆಗೆ ಕೇವಲ 10 ಸೆಕೆಂಡು ಕಾಲಾವಕಾಶ. ಸೆಂಟರ್ ಫೈರ್ ಎಂಬ ಪಂದ್ಯದ ಮೊದಲರ್ಧದಲ್ಲಿ ಐದು ಗುಂಡಿಗೆ ಐದು ನಿಮಿಷಗಳ ಧಾರಾಳ ಬಿಡುವು. ಉತ್ತರಾರ್ಧದಲ್ಲಿ ಮಾತ್ರ ಗುರಿ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ಮರೆಯಾಗುತ್ತದೆ. ಇಳಿಸಿ ಹಿಡಿದ ತೋಳನ್ನು ಆ ಮೂರು ಸೆಕೆಂಡುಗಳಲ್ಲಿಯೆ ಎತ್ತಿ, ಗುರಿಯಿಟ್ಟು, ಒಂದೇ ಗುಂಡು ಹಾರಿಸಬೇಕು. ನಿಧಾನದ ಸುತ್ತುಗಳಲ್ಲಿ ಹತ್ತು ಅಂಕದ ವೃತ್ತ 5 ಸೆಂಟಿಮೀಟರು, ಅಂದರೆ ಇಂಡಿಯ ದಪ್ಪ ನಿಂಬೆಹಣ್ಣೊಂದರ ಅಗಲ. ಅದನ್ನು 25 ಮೀಟರಿನಾಚೆ ಇಟ್ಟು, ಒಂದೇ ಕೈಯನ್ನು ಚಾಚಿ ನಿಂತು ನೋಡಿದರೆ ಆ ಹುಡುಗನ ಕಷ್ಟ ಸ್ವಲ್ಪ ತಿಳಿದೀತು.

ಭೇದವಿರುವುದು ನಳಿಗೆಯ ಬಾಯಳತೆಯಲ್ಲಿ. ಸ್ಟ್ಯಾಂಡರ್ಡ್ ಪಂದ್ಯಕ್ಕೆ ಬೇಕಾದದ್ದು 22ರ ಪಿಸ್ತೂಲು, ಅಂದರೆ 0.22 ಅಂಗುಲ, ಸುಮಾರು ಐದೂವರೆ ಮಿಲಿಮೀಟರು. ಸೆಂಟರ್ ಫೈರ್‌ಗೆ 7.62ರಿಂದ 9.65 ಮಿಲಿಮೀಟರಿನ ವರೆಗಿನ ಯಾವುದಾದರೂ ಆಗಬಹುದು. ರೂಢಿಯಲ್ಲಿ ಹೆಚ್ಚಿನವರು 32ರದನ್ನು ಆಯ್ದುಕೊಳ್ಳುತ್ತಾರೆ. 22ರ ಗುಂಡಿನ ತೂಕ ಸುಮಾರು ಎರಡೂವರೆ ಗ್ರಾಂ. 32ರದು ಸುಮಾರು ಆರೂವರೆ ಗ್ರಾಂ. ಈ ಎರಡನೆಯದು ಮೊಂಡು ಮೂತಿಯ ಗುಂಡು; ತೋಟಾದ ಬಾಯಿಗೆ ಸಮನಾಗಿ ಒಳಗೆ ಕೂತಿರುತ್ತದೆ. ಕಾಗದವನ್ನು ಹರಿಯದೆ, ತೂತು ಹೊಡೆಯುವ ಯಂತ್ರದ ಹಾಗೆ ಗುಂಡಗೆ ಕತ್ತರಿಸಿ ಹೋಗುತ್ತದೆ. ಅಂಕ ಎಣಿಸುವವರಿಗೆ ಅನುಮಾನ ಉಳಿಯಬಾರದೆಂಬ ಉದ್ದೇಶದಿಂದಲೆ ಹೀಗೆ ಮೊಂಡು ಮಾಡಿದ ಗುಂಡು ಅದು. ಕೊಲ್ಲುವುದಕ್ಕಲ್ಲ, ಎಣಿಸುವುದಕ್ಕಾಗಿ ಹುಟ್ಟಿದ ಗುಂಡೂ ಲೋಕದಲ್ಲಿ ಇದೆ ಎಂಬುದನ್ನು ತಿಳಿದು ನನಗಂತೂ ಸಮಾಧಾನವಾಯಿತು.

ಹಾಗಾದರೆ ನಳಿಗೆಯೊಂದನ್ನು ಬದಲಿಸಿದರೆ ಸಾಕೆ? ಸಾಲದು. 22ರ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ಅಂಚಿನಲ್ಲಿರುತ್ತದೆ; 32ರ ತೋಟಾದಲ್ಲಿ ಬುಡದ ನಟ್ಟನಡುವೆ. ಒಂದರಲ್ಲಿ ಸೂಜಿ ಅಂಚಿಗೆ ಬಡಿಯಬೇಕು, ಇನ್ನೊಂದರಲ್ಲಿ ನಡುವಿಗೆ. ‘ಸೆಂಟರ್ ಫೈರ್’ ಎಂಬ ಹೆಸರು ಬಂದಿರುವುದೆ ಇದರಿಂದ. ಆದ್ದರಿಂದ ನಳಿಗೆಯ ಜೊತೆಗೆ ಸೂಜಿಯಿರುವ ಬೋಲ್ಟು, ತೋಟಾ ತುಂಬುವ ಮ್ಯಾಗಝಿನ್ನು, ಹಿಂದಿನ ಒದೆತವನ್ನು ತಾಳುವ ಸ್ಪ್ರಿಂಗು ಎಲ್ಲವೂ ಒಂದು ಕೂಟವಾಗಿ ಬದಲಾಗಬೇಕು. ಉಳಿಯುವುದು ಕೆಳಗಿನ ಚೌಕಟ್ಟು ಮತ್ತು ಅಂಗೈಗೆ ಒಪ್ಪುವಂತೆ ಕೆತ್ತಿದ ಮರದ ಹಿಡಿಕೆ. ಕೆಲವು ಮಾದರಿಗಳಲ್ಲಿ ಕುದುರೆಯ ಜೋಡಣೆಯೂ ಹಾಗೆಯೆ ಉಳಿಯುತ್ತದೆ. ಜರ್ಮನಿಯ ವಾಲ್ಥರ್ ಕಂಪನಿ 1968ರಲ್ಲಿ ಹೊರತಂದ ಜಿ.ಎಸ್.ಪಿ. ಎಂಬ ಪಿಸ್ತೂಲು ಹೀಗೆ 22ಕ್ಕೂ 32ಕ್ಕೂ ಒದಗುವಂಥದು. ಇಟಲಿಯ ಪಾರ್ದಿನಿಯಲ್ಲಿಯೂ ಎರಡೂ ಬಗೆಗಳುಂಟು. ತಯಾರಕರೆ ಇಂಥ ಬದಲಿ ಕೂಟಗಳನ್ನು ಮಾಡಿ ಮಾರಿದ್ದಾರೆಂದರೆ, ನಮ್ಮ ಹುಡುಗನ ಆಲೋಚನೆ ವಿಚಿತ್ರವಾದುದಲ್ಲವೆಂದಾಯಿತು.

ಇದು ಸಾಧ್ಯವಾಗಿರುವುದಕ್ಕೆ ಪಂದ್ಯದ ಕಟ್ಟಳೆಗಳೂ ಕಾರಣ. ಎರಡು ಪಂದ್ಯಗಳಿಗೂ ಪಿಸ್ತೂಲಿನ ತೂಕ 1,400 ಗ್ರಾಂ ಮೀರಬಾರದು. ಎರಡಕ್ಕೂ ಕುದುರೆಯ ಬಿಗಿ ಒಂದು ಕಿಲೋಗ್ರಾಮಿಗೆ ಕಡಿಮೆಯಿರಬಾರದು. ಎರಡೂ 300 ಮಿಲಿಮೀಟರು ಉದ್ದ, 150 ಎತ್ತರ, 50 ದಪ್ಪದ ಒಂದೇ ಪೆಟ್ಟಿಗೆಯಲ್ಲಿ ಹಿಡಿಯಬೇಕು. ಬಾಯಳತೆಯೊಂದನ್ನು ಬಿಟ್ಟರೆ ನಿಯಮಗಳು ಇವೆರಡನ್ನೂ ಅವಳಿಜವಳಿಗಳಂತೆ ಸಾಕಿವೆ.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಇನ್ನೂ ಕಲಿಯುತ್ತಿರುವವನು, ಅದರಲ್ಲಿಯೂ ಹೊಲ ಒತ್ತಿಯಿಟ್ಟು ಹಣ ತರಬೇಕಾದವನು, ಎರಡನೆಯ ಪಿಸ್ತೂಲನ್ನು ಕೊಳ್ಳಬಾರದು. ಇರುವುದಕ್ಕೆ ಅದರ ತಯಾರಕರದೇ ಆದ ಬದಲಿ ಕೂಟವನ್ನು ಪರವಾನಗಿಯೊಡನೆ ಹಾಕಿಸಬೇಕು. ಉಳಿದ ಹಣವನ್ನು ತೋಟಾಗಳಿಗೆ ಸುರಿಯಬೇಕು.

ಮುಖ್ಯ ಕಾರಣ ಕೈ. ಗುರಿ ಹೊಡೆಯುವವನು ಕಲಿಯುವುದು ಪಿಸ್ತೂಲನ್ನಲ್ಲ, ತನ್ನ ಕೈಯನ್ನು. ಹೆಬ್ಬೆರಳು ಎಲ್ಲಿ ಒರಗಬೇಕು, ಮಣಿಕಟ್ಟು ಎಷ್ಟು ಬಿಗಿಯಬೇಕು, ಕುದುರೆಯ ಮೇಲೆ ತೋರುಬೆರಳಿನ ಯಾವ ಗೆಣ್ಣು ಕೂಡಬೇಕು ಎಂಬುದೆಲ್ಲ ಸಾವಿರಾರು ಗುಂಡುಗಳಾದ ಮೇಲೆ ಮೈಗೂಡುವ ವಿದ್ಯೆ. ಅದು ಬುದ್ಧಿಯಲ್ಲಿ ಉಳಿಯುವುದಿಲ್ಲ, ಚರ್ಮದಲ್ಲಿ ಉಳಿಯುತ್ತದೆ. ಹೊಸ ಪಿಸ್ತೂಲು ಬಂತೆಂದರೆ ಹಿಡಿಕೆಯ ಕೋನ ಬೇರೆ, ತೂಕದ ಹಂಚಿಕೆ ಬೇರೆ, ಕುದುರೆ ಜಾರುವ ಗಳಿಗೆ ಬೇರೆ. ಒಂದೇ ಕೈಗೆ ಎರಡು ಭಾಷೆಗಳನ್ನು ಏಕಕಾಲಕ್ಕೆ ಕಲಿಸಹೊರಟಂತಾಗುತ್ತದೆ. ಬಲ್ಲ ಕೈಗೆ ಇದು ಅಡ್ಡಿಯಲ್ಲ. ಇನ್ನೂ ಅಕ್ಷರ ತಿದ್ದುತ್ತಿರುವ ಕೈಗೆ ದೊಡ್ಡ ಅಡ್ಡಿ.

2006ರ ದೋಹಾ ಏಷ್ಯನ್ ಕ್ರೀಡೆಗಳನ್ನು ಈ ಸಂದರ್ಭದಲ್ಲಿ ನೆನೆಯಬಹುದು. ಜಸಪಾಲ್ ರಾಣಾ ಅವರು ಅಲ್ಲಿ ಸ್ಟ್ಯಾಂಡರ್ಡ್ ಪಿಸ್ತೂಲಿನಲ್ಲಿಯೂ ಸೆಂಟರ್ ಫೈರ್‌ನಲ್ಲಿಯೂ ಬಂಗಾರ ಗೆದ್ದರು. ಸೆಂಟರ್ ಫೈರ್‌ನಲ್ಲಿ 590 ಅಂಕ ಗಳಿಸಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅದೇ ಸೆಂಟರ್ ಫೈರ್‌ನಲ್ಲಿ ಅವರು ಹನ್ನೆರಡು ವರ್ಷ ಮೊದಲು, 1994ರ ಹಿರೋಶಿಮಾದಲ್ಲಿ, ಬಂಗಾರ ತಂದಿದ್ದರು. ಒಂದೇ ಕ್ರೀಡಾಕೂಟದಲ್ಲಿ ಎರಡು ಬಾಯಳತೆಗಳನ್ನು ಗೆಲ್ಲಿಸಿದ್ದು ಯಾವುದು? ನಳಿಗೆಗಳು ಎರಡಾಗಿದ್ದವು; ಹಿಡಿದ ಕೈ ಒಂದೇ ಆಗಿತ್ತು.

ತೋಟಾದ ಲೆಕ್ಕವೂ ಇದೆ. ಪಿಸ್ತೂಲನ್ನು ಒಮ್ಮೆ ಕೊಂಡರೆ ಮುಗಿಯಿತು, ತೋಟಾವನ್ನು ಪ್ರತಿ ವಾರ ಕೊಳ್ಳಬೇಕು. ಮೊಂಡು ಮೂತಿಯ 32ರ ಪಂದ್ಯದ ತೋಟಾ 22ರದಕ್ಕಿಂತ ಬಹಳ ದುಬಾರಿ. ಹೊಸ ಪಿಸ್ತೂಲಿಗೆ ಇದ್ದುದನ್ನೆಲ್ಲ ಸುರಿದು, ತೋಟಾ ಕೊಳ್ಳಲು ಕಾಸಿಲ್ಲದೆ, ಅದನ್ನು ಅರಿವೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಕೂಡುವುದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ. ಬಾವಿ ತೋಡಲು ಹೊಲ ಮಾರಿದವನ ಕಥೆಯಾಗುತ್ತದೆ ಅದು: ನೀರು ಬಂತು, ಹಾಯಿಸಲು ನೆಲವಿಲ್ಲ.

ಆದರೆ ಎದುರು ವಾದವನ್ನು ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ. ವಿಜಯಪುರಕ್ಕೆ ಹೋದವರು ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪನ್ನು ನೋಡಿರುತ್ತಾರೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಉದ್ದ ಸುಮಾರು ಹದಿನಾಲ್ಕು ಅಡಿ, ಬಾಯಿ ಎರಡು ಅಡಿಗೂ ಮಿಕ್ಕು, ತೂಕ 55 ಟನ್ನಿನಷ್ಟು. ಅಲ್ಲಿಂದ ಸ್ವಲ್ಪ ದೂರದ ಉಪ್ಪಲಿ ಬುರುಜಿನ ಮೇಲೆ ಮಲಗಿರುವ ತೋಪಿನದು ಬೇರೆಯೆ ಜಾತಿ: ಕಬ್ಬಿಣದ ಪಟ್ಟಿಗಳನ್ನು ಕೂಡಿಸಿ ಬಳೆ ಬಿಗಿದು ಮಾಡಿದ, ಸುಮಾರು ಮೂವತ್ತು ಅಡಿ ಉದ್ದದ, ಬಾಯಿ ಚಿಕ್ಕದಾದ ತೋಪು. ಒಂದು ಮೋಟು, ಅಗಲ ಬಾಯಿ. ಇನ್ನೊಂದು ನೀಳ, ಕಿರಿದು ಬಾಯಿ. ಆದಿಲಶಾಹಿ ಕೋಟೆಯವರು ಎರಡು ಬಗೆಯ ತೋಪುಗಳನ್ನೆ ಇಟ್ಟುಕೊಂಡರು. ಒಂದನ್ನೆ ಎರಡಾಗಿ ಮಾಡಹೋಗಲಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಸಾಧನ ಎಂಬ ಪಕ್ಷಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಭಾರವಾದ ಸಾಕ್ಷಿ ದೊರೆಯಲಾರದು.

ಆ ಪಕ್ಷದವರು ಹೇಳುವುದರಲ್ಲಿ ಹುರುಳಿದೆ. ನಳಿಗೆಯನ್ನು ಬದಲಿಸಿದಾಗಲೆಲ್ಲ ಗುರಿನೋಟವನ್ನು ಮತ್ತೆ ತಿದ್ದಿಕೊಳ್ಳಬೇಕು. ಆ ತಿದ್ದುವಿಕೆಗೆ ಗುಂಡು ಖರ್ಚಾಗುತ್ತದೆ, ಮನಸ್ಸು ಖರ್ಚಾಗುತ್ತದೆ. ಎರಡು ಪಂದ್ಯಗಳು ಒಂದೇ ದಿನ ಬಂದರೆ ಬದಲಾಯಿಸುವ ಅವಸರದಲ್ಲಿ ತಪ್ಪಾಗಬಹುದು. ಮೇಲಿನ ಭಾಗ ಬೇರೆಯಾದರೆ ತೂಕದ ಸಮತೋಲವೂ ಅಷ್ಟಿಷ್ಟು ಬೇರೆಯಾಗುತ್ತದೆ. ‘ಅದೇ ಪಿಸ್ತೂಲು’ ಎಂಬ ಮಾತು ಪೂರ್ತಿ ನಿಜವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕೆಳಗಿನ ಚೌಕಟ್ಟು ಕೆಟ್ಟಿತೆಂದರೆ ಎರಡೂ ಪಂದ್ಯಗಳು ಒಮ್ಮೆಗೆ ಕೈಬಿಟ್ಟುಹೋಗುತ್ತವೆ. ಎರಡು ಪಿಸ್ತೂಲಿದ್ದವನಿಗೆ ಒಂದಾದರೂ ಉಳಿಯುತ್ತದೆ. ಬದಲಿ ಕೂಟವೇನು ಪುಕ್ಕಟೆಯೂ ಅಲ್ಲ. ಹೊಸ ಪಿಸ್ತೂಲಿನ ಬೆಲೆಯಲ್ಲಿ ದೊಡ್ಡ ಪಾಲನ್ನೆ ಅದು ನುಂಗಬಲ್ಲುದು. ವರ್ಷವಿಡೀ ಎರಡೂ ಪಂದ್ಯಗಳಲ್ಲಿ ದೇಶದ ಪರವಾಗಿ ನಿಲ್ಲುವವನಿಗೆ ಈ ಮಾತುಗಳೆಲ್ಲ ಸರಿ. ಅವನು ಎರಡು ಪಿಸ್ತೂಲು ಇಟ್ಟುಕೊಳ್ಳಲಿ.

ಆದರೆ ನಮ್ಮ ಹುಡುಗ ಅಲ್ಲಿಗೆ ಇನ್ನೂ ತಲುಪಿಲ್ಲ. ಅವನು ತನ್ನನ್ನು ತಾನೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ವರ್ಷದಲ್ಲಿ ಎಷ್ಟು ದಿನ ಈ 32 ನನ್ನ ಕೈಯಲ್ಲಿರುತ್ತದೆ? ಉತ್ತರ ಬೆರಳೆಣಿಕೆಯ ದಿನಗಳಾದರೆ ಬದಲಿ ನಳಿಗೆ ಸಾಕು. ಪ್ರತಿ ವಾರವೂ ಎರಡನ್ನೂ ಹಿಡಿಯುವ ಕಾಲ ಬಂದಾಗ, ಅಂಕಗಳೆ ಎರಡನೆಯದನ್ನು ಕೇಳುತ್ತವೆ. ಆಸೆ ಕೇಳಿದಾಗ ಕೊಳ್ಳುವುದಕ್ಕೂ ಅಂಕ ಕೇಳಿದಾಗ ಕೊಳ್ಳುವುದಕ್ಕೂ ಬಹಳ ಅಂತರವಿದೆ.

ಈ ಆಯ್ಕೆಯಲ್ಲಿ ಕಾಯಿದೆಯ ಪಾಲು ಸಣ್ಣದಲ್ಲ. ನಮ್ಮ ಭಾಗದವರು ಇದನ್ನು ಎರಡು ಸಲ ಓದಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯ ಕಣ್ಣಿನಲ್ಲಿ ಆಯುಧವೆಂದರೆ ಅದರ ಬಿಡಿಭಾಗಗಳೂ ಆಯುಧವೆ. ಆಯುಧವನ್ನು ತಯಾರಿಸುವುದಷ್ಟೆ ಅಲ್ಲ, ಮಾರಾಟಕ್ಕಾಗಿ ಅಥವಾ ಕಸುಬಾಗಿ ಮಾರ್ಪಡಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ಪರವಾನಗಿ ಬೇಕು. 2019ರ ತಿದ್ದುಪಡಿ ಸಾಮಾನ್ಯ ಪರವಾನಗಿದಾರನ ಬಳಿ ಇರಬಹುದಾದ ಬಂದೂಕು ಪಿಸ್ತೂಲುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಒಂದು ವರ್ಗದ ಆಯುಧವನ್ನು ಪರವಾನಗಿಯಿಲ್ಲದೆ ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದನ್ನೂ ಹೆಸರು ಹಿಡಿದು ನಿಷೇಧಿಸಿತು. ಕ್ರೀಡಾಪಟುಗಳಿಗೆ ಅವರವರ ಸಾಧನೆಯ ಮಟ್ಟಕ್ಕೆ ತಕ್ಕಂತೆ ಹೆಚ್ಚಿನ ಅವಕಾಶಗಳುಂಟು. ಆದರೆ ಅವೂ ಅರ್ಜಿ, ಪ್ರಮಾಣಪತ್ರ, ಮೊಹರುಗಳ ದಾರಿಯಲ್ಲಿಯೆ ಬರತಕ್ಕವು. ತೋಟಾ ಕೊಳ್ಳುವುದೂ ಪರವಾನಗಿಯ ಮೇಲೆಯೆ. ಆದ್ದರಿಂದ ಬದಲಿ ನಳಿಗೆ ತರುವ ಮೊದಲು ಅದರ ಬಾಯಳತೆ ಪರವಾನಗಿಯಲ್ಲಿ ದಾಖಲಾಗತಕ್ಕದ್ದು. ‘ಬದಲಿಸುವುದು’ ಎಂಬ ಪದ ಕೇಳಿದೊಡನೆ ಯಾವನೋ ಲೇತ್ ಯಂತ್ರದವನ ನೆನಪಾಗುವವರಿಗೆ ನಾನು ಕೈಮುಗಿದು ಹೇಳುವುದಿಷ್ಟು: ಅದು ಬದಲಿಸುವುದಲ್ಲ, ಅಪರಾಧ. ಅಷ್ಟೇ ಅಲ್ಲ, ಮೊದಲ ಗುಂಡಿಗೆ ಹಿಡಿದವನ ಬೆರಳುಗಳನ್ನೆ ಬಲಿ ಕೇಳುವ ಅವಿವೇಕ. ತಯಾರಕರ ಕೂಟ ಮತ್ತು ಪರವಾನಗಿಯಿರುವ ಕುಶಲಿಯ ಕೈ, ಇವೆರಡು ಕೂಡಿದರೆ ಮಾತ್ರ ನಾನು ಹೇಳುವ ಮಾರ್ಪಾಡು.

ಹೆಸರಿನ ಬಲೆಯೊಂದನ್ನು ಕುರಿತೂ ಎಚ್ಚರಿಸಬೇಕು. 32 ಎಂದರೆಲ್ಲ ಒಂದೇ ಅಲ್ಲ. ನಮ್ಮ ಸರಕಾರಿ ಕಾರ್ಖಾನೆಗಳಲ್ಲಿ ತಯಾರಾದ 32ರ ರಿವಾಲ್ವರು ಉದ್ದನೆಯ ತೋಟಾವನ್ನು ತಿನ್ನುತ್ತದೆ. ಅಂಥವೇ ಕಾರ್ಖಾನೆಗಳ 32ರ ಪಿಸ್ತೂಲಿಗೆ ಮೋಟು ತೋಟಾ ಬೇಕು. ಪಂದ್ಯದ ಪಿಸ್ತೂಲಿನ ಮೊಂಡು ತೋಟಾ ರಿವಾಲ್ವರಿನ ವಂಶದ್ದು. ಅಂಗಡಿಯಲ್ಲಿ ‘32’ ಎಂದಷ್ಟೆ ಹೇಳಿ ತಂದವನು ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಪೆಚ್ಚಾಗುತ್ತಾನೆ. ಒಂದೇ ಹೆಸರಿನ ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ಅದಲುಬದಲು ಮಾಡಿದ ಮಾಸ್ತರರಿಗೆ ಈ ತಪ್ಪಿನ ಗಾತ್ರ ಅರ್ಥವಾದೀತು.

ಇಲ್ಲಿಗೆ ಬರಹ ಮುಗಿಯಬೇಕಾಗಿತ್ತು. ಆದರೆ ಆ ರೈತರ ಮುಖ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. ಬದಲಿಸುವುದೊ ಕೊಳ್ಳುವುದೊ ಎಂಬ ಪ್ರಶ್ನೆ ಎರಡೆಕರೆ ಎರೆಹೊಲದ ಪ್ರಶ್ನೆಯಾಗಿ ಅವರ ಮನೆಯ ಬಾಗಿಲಿಗೆ ಬಂದು ನಿಲ್ಲಬೇಕೇಕೆ?

ನಮ್ಮ ಕಡೆಯ ಹಳ್ಳಿಗಳಲ್ಲಿ ‘ಗುಂಡು’ ಎಂದರೆ ಮೊದಲು ನೆನಪಾಗುವುದು ತೋಟಾ ಅಲ್ಲ, ಎತ್ತುವ ಕಲ್ಲು. ಹಣಮಪ್ಪನ ಗುಡಿಯ ಮುಂದೆ, ಇಲ್ಲವೆ ಅಗಸಿಯ ಬಾಗಿಲಲ್ಲಿ, ದುಂಡನೆಯ ಕಲ್ಲುಗಳು ಬಿದ್ದಿರುತ್ತವೆ, ಚಿಕ್ಕದೊಂದು, ದೊಡ್ಡದೊಂದು. ಮೀಸೆ ಮೂಡುವ ಹುಡುಗರು ಚಿಕ್ಕದನ್ನು ಎತ್ತಿ ಕಲಿತು ದೊಡ್ಡದಕ್ಕೆ ಕೈ ಹಾಕುತ್ತಾರೆ. ಇಂಡಿಯಿಂದ ಬಸವನ ಬಾಗೇವಾಡಿಯ ವರೆಗೆ ಯಾವ ತಂದೆಯೂ ಮಗ ಗುಂಡು ಎತ್ತಲಿ ಎಂದು ಮನೆಗೊಂದು ಕಲ್ಲು ಕೊಂಡುತಂದದ್ದನ್ನು ನಾನು ಕೇಳಿಲ್ಲ. ಕಲ್ಲು ಊರಿನದು, ಬೆವರು ಹುಡುಗನದು. ಗರಡಿಯ ಸಾಮುಗಳೂ ಹಾಗೆಯೆ. ಭಾರ ಹೆಚ್ಚಿಸಿಕೊಳ್ಳುವ ಹೊತ್ತು ಬಂದಾಗ ಎರಡನೆಯ ಕಲ್ಲು ಅಲ್ಲಿಯೆ, ಎಲ್ಲರ ಕಣ್ಣೆದುರಿಗೆ, ಸಿದ್ಧವಾಗಿ ಬಿದ್ದಿರುತ್ತದೆ.

ಪಿಸ್ತೂಲನ್ನು ಗುಡಿಯ ಮುಂದೆ ಇಡಲಾಗದು, ನಿಜ. ಆದರೆ ಬೀಗ, ದಫ್ತರು, ಹೊಣೆಗಾರ ಅಧಿಕಾರಿ ಇರುವ ಕ್ಲಬ್ಬೊಂದರ ಉಗ್ರಾಣದಲ್ಲಿ ಇಡಬಹುದು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬೆಂಬ ಸಂಸ್ಥೆಯನ್ನು ಕಾಯಿದೆಯೆ ಹೆಸರಿಸಿದೆ; ಗುರಿಯ ಅಭ್ಯಾಸಕ್ಕಾಗಿ 22ರ ರೈಫಲ್ಲನ್ನೊ ಗಾಳಿ ರೈಫಲ್ಲನ್ನೊ ಬಳಸುವ ಅದರ ಸದಸ್ಯರಿಗೆ ಎಣಿಕೆಯ ಕಟ್ಟಳೆಯಿಂದ ವಿನಾಯಿತಿಯನ್ನೂ ಕೊಟ್ಟಿದೆ. ಲೋಕಸಭೆಯ ಮೊದಲ ಸಭಾಪತಿಗಳಾಗಿದ್ದ ಗಣೇಶ ವಾಸುದೇವ ಮಾವಳಂಕರರು 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆಯನ್ನು ಕಟ್ಟಿದಾಗಲೂ ಜನರ ಕೈಗೆ ಆಯುಧ ಕೊಡುವುದಕ್ಕಿಂತ ಜನರಿಗೆ ಶಿಸ್ತು ಕಲಿಸುವ ಹಂಬಲವೆ ಮುಂದಿತ್ತೆಂದು ನನ್ನ ನಂಬಿಕೆ. ಮನೆಯ ಕಪಾಟಿನಲ್ಲಿ ಹತ್ತು ಪಿಸ್ತೂಲು ಇರುವುದಕ್ಕಿಂತ ಕ್ಲಬ್ಬಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಎರಡು ಇರುವುದು ಎಲ್ಲರಿಗೂ ಕ್ಷೇಮ, ಪೋಲೀಸರಿಗೂ ಕ್ಷೇಮ. ಕಲಿಯುವವನು ತನ್ನ 22ನ್ನು ತರಲಿ. ವರ್ಷಕ್ಕೆ ಕೆಲವೇ ದಿನ ಬೇಕಾಗುವ 32 ಕ್ಲಬ್ಬಿನದಾಗಿರಲಿ. ಆಗ ನನ್ನ ಸಲಹೆಯೂ ಬೇಕಾಗುವುದಿಲ್ಲ, ಒತ್ತಿಯ ಕಾಗದವೂ ಬೇಕಾಗುವುದಿಲ್ಲ.

ಮೊದಲ ಮೆಟ್ಟಿಲಿಗಂತೂ ಅಷ್ಟೂ ಬೇಡ. ಗಾಳಿ ಪಿಸ್ತೂಲಿನ ಪಂದ್ಯಕ್ಕೆ ಗುರಿಯ ದೂರ 10 ಮೀಟರು ಮಾತ್ರ. ತಕ್ಕ ಕಾವಲು, ತಕ್ಕ ಗೋಡೆ ಇದ್ದರೆ ಕಾಲೇಜೊಂದರ ಉದ್ದನೆಯ ಕೋಣೆಯಲ್ಲಿ ಅಭ್ಯಾಸ ನಡೆದೀತು. ಆ ಪಂದ್ಯದಲ್ಲಿಯೆ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದರು. ಕರ್ನಾಟಕದ ಇನ್ನೊಬ್ಬರು, ಟಿ. ಎಸ್. ದಿವ್ಯಾ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡೆಗಳಿಂದ ಬೆಳ್ಳಿ ತಂದರು. ಬೆಂಗಳೂರಿಗೆ ಹೋಗಿ ಮನೆ ಮಾಡಿದ ಮೇಲೆ ಮಾತ್ರ ನಮ್ಮ ಹುಡುಗರಿಗೆ ಈ ದಾರಿ ತೆರೆಯಬೇಕೆ? ಸಿಂದಗಿಯ ಹುಡುಗಿ, ಬಾಗೇವಾಡಿಯ ಹುಡುಗ ಬಸ್ಸಿನಲ್ಲಿ ಒಂದು ತಾಸಿನೊಳಗೆ ಮುಟ್ಟುವಂಥ ಜಾಗದಲ್ಲಿ ಅದು ಇರಬಾರದೆ? ಭೀಮೆಯ ದಂಡೆಗೆ ಅಂಟಿದ ಹೆಸರನ್ನು ತೊಳೆಯಲು ಪೋಲೀಸರ ದಾಳಿಗಳಷ್ಟೆ ಸಾಲವು. ಅದೇ ಕಬ್ಬಿಣವನ್ನು ಗೌರವದಿಂದ ಹಿಡಿಯಬಲ್ಲ ಕೈಗಳೂ ನಮ್ಮಲ್ಲಿವೆಯೆಂದು ತೋರಿಸಬೇಕು.

ಎರಡು ದಿನಗಳ ಮೇಲೆ ಆ ರೈತರು ದೂರವಾಣಿಯಲ್ಲಿ ಮಾತಾಡಿದಾಗ ಇದನ್ನೆಲ್ಲ ಹೇಳಲು ಹೊರಟು ನಾನು ನಡುವೆಯೆ ತೊದಲಿದೆ. ಅವರು ಸುಮ್ಮನೆ ಕೇಳಿಸಿಕೊಂಡು, “ಅಂದ್ರ ಕುಂಟಿಗೆ ಕುಡ ಬದಲಿ ಮಾಡಿದ್ರ ಸಾಕು, ಮ್ಯಾಳಿ ಅದ ಇರಲಿ ಅಂತೀರಿ” ಎಂದರು. ನನ್ನ ಇಷ್ಟು ಪುಟಗಳ ಮಾತನ್ನು ಅವರು ಒಂದು ಉಸಿರಿನಲ್ಲಿ ಮುಗಿಸಿದ್ದರು. ಹೌದೆಂದೆ. “ಮತ್ತ ಕುಡಕ್ಕೂ ಚೀಟಿ ಬೇಕೇನ್ರಿ?” ಎಂದು ನಕ್ಕರು. ಅದಕ್ಕೂ ಹೌದೆಂದೆ.

ಬದಲಿ ನಳಿಗೆಯನ್ನು ಪರವಾನಗಿಯಲ್ಲಿ ದಾಖಲಿಸಿಕೊಳ್ಳಲು ಹುಡುಗ ಅರ್ಜಿ ಹಾಕಿದ್ದಾನಂತೆ. ಇನ್ನೂ ಉತ್ತರ ಬಂದಿಲ್ಲ. ಬರುವ ವರೆಗೆ ಇರುವ 22ರಲ್ಲಿಯೆ, ಮೂರು ಸೆಕೆಂಡಿನ ಎಣಿಕೆಗೆ ತೋಳೆತ್ತುವ ಅಭ್ಯಾಸ ನಡೆದಿದೆ. ಮುದ್ದೇಬಿಹಾಳದ ಆ ಎರಡೆಕರೆಯಲ್ಲಿ ಈ ಸಲ ತೊಗರಿ ಬಿತ್ತಿದ್ದಾರೆ.